ಎಡಗೋಲಿನ ಎತ್ತು

ರಿಗೊಬೆರ್ತೊ ಚಪ್ಪಾಳೆ ತಟ್ಟದೆ ಒಳಗೆ ಬಂದ.

ತಕುವಾರಾ ಊರಿನಲ್ಲಿ ಯಾರೂ ಹಾಗೆ ಬರುವುದಿಲ್ಲ. ಬೇಲಿಯಾಚೆ ನಿಂತು ಮೂರು ಸಲ ಚಪ್ಪಾಳೆ ತಟ್ಟಬೇಕು. ಒಳಗಿನವರು ಬಾ ಅಂದ ಮೇಲೆ ಬರಬೇಕು. ಜಗಳಕ್ಕೆ ಬಂದವನೂ ತಟ್ಟಿಯೇ ಬರುತ್ತಾನೆ. ರಿಗೊಬೆರ್ತೊ ಗೇಟು ತಳ್ಳಿದ, ಅಂಗಳ ದಾಟಿದ, ಬಂದೂಕನ್ನು ಹೆಗಲಿನಿಂದ ಇಳಿಸಿದ. ಮರಗೆಣಸು ಸುಲಿಯುತ್ತಿದ್ದ ನಿಮಿಯಾಳ ಕೈ ನಿಂತಿತು. ಕತ್ತಿಯನ್ನು ಮೆಲ್ಲಗೆ ಕೆಳಗಿಟ್ಟಳು. ಅವಳ ಕೈಯಲ್ಲಿ ಕತ್ತಿಯಿತ್ತು ಅಂತ ನಾಳೆ ಪೊಲೀಸಿನವರು ಬರೆದುಕೊಂಡಾರು ಅನ್ನುವ ಭಯ.

"ಕೊಮಾದ್ರೆ, ಎತ್ತು ಬೇಕಂತೆ," ಅಂದ.

ಕೊಮಾದ್ರೆ ಅಂದರೆ ಒಡಹುಟ್ಟಿದವಳಿಗಿಂತ ಒಂದು ಕೈ ಹೆಚ್ಚು. ನಿಮಿಯಾಳ ಮಗಳಿಗೆ ಚರ್ಚಿನಲ್ಲಿ ಹೆಸರಿಡುವಾಗ ಕೂಸನ್ನು ಎತ್ತಿ ಹಿಡಿದವನು ಇದೇ ರಿಗೊಬೆರ್ತೊ. ಅವಳಿಗೆ ಅವನು ಕೊಂಪಾದ್ರೆ. ಆ ಮಗಳು ಈಗ ರಾಜಧಾನಿ ಅಸುನ್ಸಿಯೋನ್‌ನಲ್ಲಿ ಯಾರದೋ ಪಾತ್ರೆ ತಿಕ್ಕುತ್ತಾಳೆ. ಇವನು ಸೋಯಾ ಎಸ್ಟೇಟಿನ ಕಾವಲು ಕಾಯುತ್ತಾನೆ. ಎರಡು ವರ್ಷದ ಹಿಂದೆ ಎಸ್ಟೇಟಿನವರು ಇವನಿಗೆ ಒಂದು ಖಾಕಿ ಅಂಗಿ ಕೊಟ್ಟರು, ಒಂದು ಬಂದೂಕು ಕೊಟ್ಟರು. ಆವತ್ತಿನಿಂದ ಅವನ ಹೆಂಡತಿ ಊರಿನ ಬಾವಿಗೆ ಬರುವುದನ್ನು ಬಿಟ್ಟಳು.

"ಯಾತಕ್ಕೆ?" ನಿಮಿಯಾ ಕೇಳಿದಳು.

"ಸೊಳ್ಳೆ ಹೂತ್ಕೊಂಡಿದೆ. ಹಳ್ಳದ ಪಕ್ಕ. ಅಚ್ಚಿನವರೆಗೂ ಕೆಸರು."

ಸೊಳ್ಳೆ ಅಂದರೆ ವಿಷ ಹೊಡೆಯುವ ಗಾಡಿ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ದೊಡ್ಡ ಟ್ಯಾಂಕು, ಎರಡು ಕಡೆ ಚಾಚಿದ ಉದ್ದುದ್ದ ಕಬ್ಬಿಣದ ರೆಕ್ಕೆ, ರೆಕ್ಕೆಯ ತುಂಬ ಸಣ್ಣ ಸಣ್ಣ ತೂತು. ಹೆಸರು ಇಟ್ಟವರು ನಗುತ್ತಲೇ ಇಟ್ಟಿದ್ದರು. ಕಳೆದ ವರ್ಷದಿಂದ ಯಾರೂ ನಗುವುದಿಲ್ಲ.

ಒಳಗಿನಿಂದ ಅತ್ತೆ ಪೆರ್ಪೆತುವಾ ಕೂಗಿದಳು. ಎಂಬತ್ತು ದಾಟಿದ ಮುದುಕಿ. ಕಣ್ಣು ಮಂಜಾಗಿತ್ತು, ಬಾಯಿಗೆ ಏನೂ ಆಗಿರಲಿಲ್ಲ. "ಯಾರೇ ಅದು? ನಾಯಿ ಬೊಗಳ್ಲಿಲ್ಲ. ಅನ್ನ ಹಾಕಿದ ಕೈನೇ ಇರ್ಬೇಕು."

"ನಾನು ಕಣಜ್ಜಿ. ರಿಗೊಬೆರ್ತೊ."

"ಓ, ನೀನಾ. ಅನ್ನ ತಿಂದ ಬಾಯಿ ಅನ್ನು."

ರಿಗೊಬೆರ್ತೊ ನೆಲ ನೋಡಿದ. ಆಮೇಲೆ ದನಿ ತಗ್ಗಿಸಿದ. "ಕೊಮಾದ್ರೆ, ಸುಮ್ನೆ ಬಂದ್ಬಿಡು. ದೊನ್ ಎದ್ಗಾರ್ ಅಲ್ಲೇ ನಿಂತವ್ನೆ, ಬೆಳಗಿಂದ ಕುದೀತಾವ್ನೆ. ರಸ್ತೆ ಸೇತುವೆ ಕೊಚ್ಕೊಂಡು ಹೋಗಿದೆ, ಬೇರೆ ಟ್ರ್ಯಾಕ್ಟರ್ ಬರೋ ಹಾಗಿಲ್ಲ. ನಾಳೆ ಮತ್ತೆ ಮಳೆಯಂತೆ. ಇವತ್ತೇ ಹೊಡೀಬೇಕಂತೆ. ನಿನ್ನ ಜೋಡಿ ದಿಮ್ಮಿ ಎಳೆದ ಜೋಡಿ ಅಂತ ನಾನೇ ಹೇಳ್ದೆ."

"ನೀನೇ ಹೇಳ್ದೆಯಾ?"

"ಹೂಂ ಕಣೆ. ಹೇಳ್ದೆ."

 ನಿಮಿಯಾ ಇಲ್ಲ ಅನ್ನಲು ಬಾಯಿ ತೆರೆದಳು, ಬರಲಿಲ್ಲ. ಐದು ಹೆಕ್ಟೇರ್ ನೆಲ ಅವಳದು. ಅವಳದು ಅನ್ನುವುದಕ್ಕೆ ಕಾಗದವಿಲ್ಲ. ಇಪ್ಪತ್ತೆರಡು ವರ್ಷದಿಂದ ಕಾಗದ ಬರುತ್ತದೆ ಅನ್ನುತ್ತಿದ್ದಾರೆ. ಈ ನೆಲದಲ್ಲಿ ಮರಗೆಣಸು, ಮುಸುಕಿನ ಜೋಳ, ಕಡಲೆಕಾಯಿ, ಅಂಚಿನಲ್ಲಿ ಕಬ್ಬು. ಉಪ್ಪು, ಬೆಂಕಿಪೆಟ್ಟಿಗೆ ಬಿಟ್ಟರೆ ಆ ಮನೆ ಅಂಗಡಿಯ ಮುಖ ನೋಡಿದ್ದಿಲ್ಲ. ಅದೆಲ್ಲ ನಿಂತಿದ್ದು ಎಂಟು ಕಾಲಿನ ಮೇಲೆ. ಉಳುವುದು ಎತ್ತು, ಬೆಳೆ ಹೇರುವುದು ಎತ್ತು, ಗಾಣ ತಿರುಗಿಸುವುದು ಎತ್ತು. ಕಾಯಿಲೆ ಬಿದ್ದರೆ ಮುದುಕಿಯನ್ನು ಆಸ್ಪತ್ರೆಗೆ ಗಾಡಿಯಲ್ಲಿ ಒಯ್ಯುವುದೂ ಎತ್ತು. ನೊಗದ ಎಡಗಡೆ, ಎಡಗೋಲಿಗೆ ಲುಸೆರೊ, ಹಣೆಯಲ್ಲಿ ಬಿಳಿ ಬೊಟ್ಟು. ಬಲಗೋಲಿಗೆ ಮೊರೊಚೊ, ಕಪ್ಪು. ಗಂಡ ತೆಯೊಫಿಲೊ ಕರುವಿನಿಂದ ಪಳಗಿಸಿದ ಜೋಡಿ.

ತೆಯೊಫಿಲೊ ಈಗಿಲ್ಲ. ಕಳೆದ ವರ್ಷ ಇದೇ ತಿಂಗಳು ಗಡಿಯ ಸಾಲು ಉಳುತ್ತಿದ್ದ. ಸೊಳ್ಳೆ ಬಂತು. ಎಸ್ಟೇಟಿಗೂ ಊರಿಗೂ ನಡುವೆ ಮರದ ಸಾಲು ಇರಬೇಕು ಅಂತ ಕಾನೂನಿದೆಯಂತೆ. ಮರ ಕಡಿದು ಸೋಯಾ ಹಾಕಿದ್ದರು. ಗಾಳಿ ಇತ್ತ ಬೀಸುತ್ತಿತ್ತು. ರೆಕ್ಕೆಯ ತುದಿ ಅವನ ತಲೆಯ ಮೇಲೇ ಹಾಯಿತು. ಮೈಯೆಲ್ಲ ತೊಯ್ದು, ಎತ್ತನ್ನೂ ಮೈಯನ್ನೂ ಹಳ್ಳದಲ್ಲಿ ತೊಳೆದುಕೊಂಡು ಮನೆಗೆ ಬಂದ. ಎತ್ತುಗಳ ಬೆನ್ನಿನ ಕೂದಲು ಉದುರಿತು. ಅವನು ಮೂರು ದಿನ ವಾಂತಿ ಮಾಡಿಕೊಂಡ. ನಾಲ್ಕನೆಯ ದಿನ ವಾಂತಿಯೂ ನಿಂತಿತು. ಕೊಳೆತ ಮರಗೆಣಸು ತಿಂದು ಸತ್ತ ಅಂತ ಕಾಗದದಲ್ಲಿ ಬರೆದರು. ಹಾಲು ಬಿಟ್ಟ ದಿನದಿಂದ ಮರಗೆಣಸು ತಿಂದ ಮನುಷ್ಯನಿಗೆ ಕೊಳೆತದ್ದು ಯಾವುದು ಅಂತ ಗೊತ್ತಾಗಲಿಲ್ಲವಂತೆ! ನೆಲದ ಕಾಗದ ಇಪ್ಪತ್ತೆರಡು ವರ್ಷವಾದರೂ ಬರಲಿಲ್ಲ. ಈ ಕಾಗದ ಒಂದೇ ಗಂಟೆಯಲ್ಲಿ ಬಂತು.

ಈಗ ಆ ಗಾಡಿಯನ್ನು ಅವನ ಎತ್ತೇ ಎಳೆದು ಮೇಲೆತ್ತಬೇಕು.

"ಬಾ ಕೊಮಾದ್ರೆ. ನನ್ನ ಕೈಲಿ ಕೆಟ್ಟದ್ದು ಮಾಡಿಸ್ಬೇಡ," ಅಂದ ರಿಗೊಬೆರ್ತೊ. ಅವನೇ ಕೊಟ್ಟಿಗೆಗೆ ಹೋದ. ಬಂದೂಕಿನ ಹಿಡಿಯಿಂದ ಎತ್ತುಗಳ ಪಕ್ಕೆಗೆ ತಿವಿದು ಹೊರಗಟ್ಟಿದ. ಅವು ಒಂದನ್ನೊಂದು ಒದ್ದುಕೊಂಡು ದಿಕ್ಕುತಪ್ಪಿ ಬಂದವು. ನಿಮಿಯಾ ನೊಗವನ್ನು ಹೆಗಲ ಮೇಲೆ ಹೊತ್ತಳು. ಮರದ ನೊಗ, ಒದ್ದೆಯಾಗಿ ಇನ್ನಷ್ಟು ಭಾರ. ತೊಗಲಿನ ಪಟ್ಟಿಯನ್ನು ಕೊರಳಿಗೆ ಸುತ್ತಿಕೊಂಡಳು, ಎತ್ತು ತಿವಿಯುವ ಮುಳ್ಳುಗೋಲು ಹಿಡಿದಳು. ನಡೆದಳು.

"ಎಲ್ಲಿಗೇ ಹೊರಟೆ?" ಅಂದಳು ಅತ್ತೆ.

"ಬರ್ತೀನಿ ಅತ್ತೆ."

"ಎಲ್ಲಿಗೆ ಅಂತ ಕೇಳ್ದೆ."

ನಿಮಿಯಾ ಗೇಟು ದಾಟಿದಳು. ಸತ್ತ ಮಗನ ತಾಯಿಗೆ ಅದನ್ನು ಯಾವ ಬಾಯಿಂದ ಹೇಳುವುದು?

ಹಳ್ಳದ ಪಕ್ಕ ಸೊಳ್ಳೆ ಒಂದು ಮಗ್ಗುಲಿಗೆ ವಾಲಿ ನಿಂತಿತ್ತು. ಬಲಗಾಲಿ ಕಾಣುತ್ತಲೇ ಇರಲಿಲ್ಲ. ಟ್ರ್ಯಾಕ್ಟರು ಮುಂದೆ ಗಟ್ಟಿ ನೆಲದಲ್ಲಿತ್ತು, ಚಕ್ರ ತಿರುಗಿಸಿ ತಿರುಗಿಸಿ ಸುಟ್ಟ ವಾಸನೆ ಬರುತ್ತಿತ್ತು. ಡ್ರೈವರು ಮೇಲೆ ಕೂತು ಬೀಡಿ ಸೇದುತ್ತಿದ್ದ. ಹಳ್ಳದ ಆಚೆ ದಡದಲ್ಲಿ ಊರಿನ ಹನ್ನೆರಡು ಮನೆ. ಬಟ್ಟೆ ಒಣಹಾಕಿದ್ದು ಕಾಣುತ್ತಿತ್ತು. ಬಟ್ಟೆ ಗಾಳಿಗೆ ಊರಿನ ಕಡೆಗೇ ಹಾರುತ್ತಿತ್ತು. ನಿಮಿಯಾ ಮೊದಲು ನೋಡಿದ್ದು ಅದನ್ನು.

ದೊನ್ ಎದ್ಗಾರ್ ಎಸ್ಟೇಟಿನ ಮೇಲಾಳು. ಮಾಲೀಕ ಎಲ್ಲಿದ್ದಾನೋ, ಹೇಗಿದ್ದಾನೋ ತಕುವಾರಾದಲ್ಲಿ ಕಂಡವರಿಲ್ಲ. ಕಂಡದ್ದು ಇವನನ್ನೇ. ಮೊಣಕಾಲಿನವರೆಗೆ ಬೂಟು, ಸೊಂಟದಲ್ಲಿ ಪಿಸ್ತೂಲು. "ಇದೇನಾ ಜೋಡಿ? ಬಡಕಲು," ಅಂದ. ನಿಮಿಯಾಳನ್ನು ನೋಡಿ, "ಗಂಡಸರ್ಯಾರೂ ಇಲ್ವಾ ಇವಳ ಮನೇಲಿ?" ಅಂದ.



"ಇದ್ರು," ಅಂದಳು ನಿಮಿಯಾ.  ಯಾರಿಗೂ ಕೇಳಿಸಲಿಲ್ಲ.

"ಬೇಗ ಕಟ್ಟು. ನಿಂತ್ಕೊಂಡು ನೋಡೋಕೆ ಇದೇನು ಮದುವೇನಾ?"

ಕೆಸರಿಗಿಳಿದಳು. ಮೊಣಕಾಲಿನ ತನಕ ತಣ್ಣಗೆ ಹತ್ತಿತು. ಕೆಸರಿನ ಮೇಲೆ ಬಿಳಿ ನೊರೆ ತೇಲುತ್ತಿತ್ತು, ಟ್ಯಾಂಕಿನಿಂದ ಸೋರಿದ್ದು. ಆ ವಾಸನೆ ಮೂಗಿಗೆ ಹೊಡೆಯಿತು. ಗಂಡನ ಅಂಗಿಯಲ್ಲಿದ್ದ ವಾಸನೆ. ಅಂಗಿಯನ್ನು ಸುಟ್ಟ ಮೇಲೂ ಒಲೆಯಲ್ಲಿ ಒಂದು ವಾರ ಇತ್ತು.  ನೊಗವನ್ನು ಎರಡು ತಲೆಯ ಮೇಲೆ ಇಟ್ಟಳು, ಕೊಂಬಿನ ಬುಡಕ್ಕೆ ಒತ್ತಿದಳು, ಹಣೆಯ ಮೇಲಿಂದ ಪಟ್ಟಿ ಸುತ್ತಿದಳು. ಒಂದು ಸುತ್ತು, ಎರಡು ಸುತ್ತು, ಕೊಂಬಿಗೆ ಎಂಟರ ಹಾಗೆ, ಮತ್ತೆ ನೊಗಕ್ಕೆ. ಕಣ್ಣು ಎತ್ತಿನ ಮೇಲಿರಲಿಲ್ಲ. ಕಣ್ಣು ಪಿಸ್ತೂಲಿನ ಮೇಲಿತ್ತು. ಗುಂಡು ಹಾರಿದರೆ ಮೊದಲು ಶಬ್ದ ಕೇಳಿಸುತ್ತದೋ, ನೋವು ಬರುತ್ತದೋ ಅಂತ ಯೋಚಿಸುತ್ತಿದ್ದಳು. ಸರಪಳಿಯನ್ನು ನೊಗದಿಂದ ಗಾಡಿಗೆ ಸಿಕ್ಕಿಸಿದಳು.

"ಹಯ್ಯಾ," ಅಂದಳು. "ಹಯ್ಯಾ, ಲುಸೆರೊ. ಹಯ್ಯಾ, ಮೊರೊಚೊ."

ಡ್ರೈವರು ಟ್ರ್ಯಾಕ್ಟರು ಏರಿಸಿದ. ಎತ್ತುಗಳು ಎಳೆಯಲಿಲ್ಲ. ಲುಸೆರೊ ಹೊರಗೆ ಜಗ್ಗಿತು, ಮೊರೊಚೊ ತಲೆ ತಿರುಗಿಸಿ ಒಳಗೆ ನುಗ್ಗಿತು. ನೊಗ ಓರೆಯಾಯಿತು. ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗೆ. ಸರಪಳಿ ಸಡಿಲವಾಗಿ ಕೆಸರಿಗೆ ಬಿತ್ತು. ಹನ್ನೆರಡು ವರ್ಷದಲ್ಲಿ ಈ ಜೋಡಿ ಹೀಗೆ ಮಾಡಿದ್ದಿಲ್ಲ.

"ಏನಾಯ್ತು?" ದೊನ್ ಎದ್ಗಾರ್ ಕೂಗಿದ.

"ಗೊತ್ತಿಲ್ಲ ಸ್ವಾಮಿ. ಹಯ್ಯಾ! ಹಯ್ಯಾ!"

ಅವನು ಕೆಸರು ತುಳಿದುಕೊಂಡು ಬಂದ. ಅವಳ ಕೈಯಿಂದ ಮುಳ್ಳುಗೋಲು ಕಿತ್ತುಕೊಂಡು ಲುಸೆರೊನ ತೊಡೆಗೆ ಚುಚ್ಚಿದ. ಚುಚ್ಚಿದಲ್ಲೇ ಚುಚ್ಚಿದ. ರಕ್ತ ಬಂತು. ಎತ್ತು ನಡುಗಿತು, ಮುಂದಕ್ಕೆ ಹೋಗಲಿಲ್ಲ. ಎತ್ತಿಗೆ ತಾಗದ ಸಿಟ್ಟು ಅವಳಿಗೆ ತಾಗಿತು. ಅದೇ ಕೋಲಿನಿಂದ ಅವಳ ಮೊಣಕಾಲಿನ ಹಿಂದೆ ಹೊಡೆದ. ನಿಮಿಯಾ ನಾಲ್ಕು ಕಾಲಿನ ಮೇಲೆ ಕೆಸರಿಗೆ ಬಿದ್ದಳು. ಡ್ರೈವರು ನಕ್ಕ. "ಈಗ ಮೂರಾಯ್ತು ನೋಡಿ ಸಾಹೇಬ್ರೆ, ಇವಳನ್ನೂ ಕಟ್ಟಿ," ಅಂದ.

ಕೆಳಗಿನಿಂದಲೇ ಅವಳಿಗೆ ಕಂಡದ್ದು. ಬಿಳಿ ಬೊಟ್ಟಿನ ತಲೆ ಬಲಗಡೆಗಿತ್ತು. ಕಪ್ಪು ತಲೆ ಎಡಗಡೆಗೆ. ಎಡಗೋಲಿನ ಎತ್ತನ್ನು ಬಲಕ್ಕೆ ಕಟ್ಟಿದ್ದಳು. ಅಯ್ಯೋ, ತಾನೇ ಕಟ್ಟಿದ್ದು! ಕೊಂಬಿನ ಮೇಲೆ ಪಟ್ಟಿ ತೀಡಿ ತೀಡಿ ಆದ ಗುಂಡಿ ಒಂದು ಕಡೆಗಿದೆ, ಪಟ್ಟಿ ಇನ್ನೊಂದು ಕಡೆಗಿದೆ. ಪಳಗಿದ ಜೋಡಿ ಪಕ್ಕ ಬದಲಿಸುವುದಿಲ್ಲ. ಮೇಯುವಾಗಲೂ ಎಡದ್ದು ಎಡಕ್ಕೇ ಇರುತ್ತದೆ, ಮಲಗುವಾಗಲೂ. ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಸಂಗತಿ. ಯಾವತ್ತೂ ಅವಳು ಹೆಸರು ಹಿಡಿದು ಕರೆದರೆ ಅವೇ ತಮ್ಮ ತಮ್ಮ ಪಕ್ಕಕ್ಕೆ ಬಂದು ತಲೆ ಕೊಡುತ್ತಿದ್ದವು. ಇವತ್ತು ಕರೆದಿರಲಿಲ್ಲ. ಹೆದರಿಕೆಯಲ್ಲಿ ಕೈಗೆ ಸಿಕ್ಕಿದ ಕಡೆ ಕಟ್ಟಿದ್ದಳು.

 ಬೇಕೆಂದೇ ಮಾಡಿದಳು ಅಂತ ಅವರು ಅಂದರೆ? ಆಮೇಲೆ ಇನ್ನೊಂದು ಯೋಚನೆ ಬಂತು. ದೊನ್ ಎದ್ಗಾರನಿಗೆ ಎತ್ತಿನ ವಿಷಯ ಏನೂ ಗೊತ್ತಿಲ್ಲ. ಡ್ರೈವರು ಪಟ್ಟಣದವನು. ಹೀಗೇ ಬಿಟ್ಟರೆ ಎತ್ತು ಕೆಟ್ಟದ್ದು ಅಂದುಕೊಂಡು ಇನ್ನೆರಡು ಏಟು ಹೊಡೆದು ಕಳಿಸಿಬಿಡುತ್ತಾರೆ. ಗಾಡಿ ಇಲ್ಲೇ ಇರುತ್ತದೆ. ಮಳೆ ಬರುತ್ತದೆ. ಇಲ್ಲ ಅನ್ನುವ ಕಷ್ಟವೇ ಬೇಡ. ಅವಳ ಭಯವೇ ಅವಳ ಪರವಾಗಿ ಇಲ್ಲ ಅಂದಿತ್ತು.

ತಲೆ ಎತ್ತಿದಳು. ರಿಗೊಬೆರ್ತೊ ಎತ್ತುಗಳನ್ನೇ ನೋಡುತ್ತಿದ್ದ. ಬಿಳಿ ಬೊಟ್ಟು, ಕಪ್ಪು ತಲೆ, ಮತ್ತೆ ಬಿಳಿ ಬೊಟ್ಟು. ಅವನಿಗೆ ಗೊತ್ತಾಗಿತ್ತು. ಎತ್ತಿನ ಬಾಲ ಹಿಡಿದು ಬೆಳೆದವನು. ಅವನ ಮನೆಯ ಜೋಡಿಯನ್ನು ಪಳಗಿಸಿಕೊಟ್ಟವನು ತೆಯೊಫಿಲೊ. ಇಬ್ಬರ ಕಣ್ಣೂ ಸೇರಿದವು. ಬೇಡ ಅಂತ ಅವಳು ತುಟಿಯಲ್ಲೇ ಅಂದಳು. ಕೊಂಪಾದ್ರೆ, ಬೇಡ.

ದೊನ್ ಎದ್ಗಾರ್ ಅವನ ಕಡೆ ತಿರುಗಿದ. "ಏನೋ? ಹಲ್ಲು ಗಿಂಜ್ತಾ ನಿಂತಿದೀಯಾ. ದಿಮ್ಮಿ ಎಳೆದ ಜೋಡಿ ಅಂದೆಯಲ್ಲ? ನನ್ನ ದಿನ ಹಾಳು ಮಾಡ್ದೆ. ಆ ಬಂದೂಕು ಇಲ್ಲಿ ಕೊಟ್ಟು ಮನೆಗೆ ಹೋಗು."

ರಿಗೊಬೆರ್ತೊ ಬಂದೂಕು ಬಿಡಲಿಲ್ಲ. 

"ಎತ್ತು ಅದಲುಬದಲಾಗಿದೆ ಸಾಹೇಬ್ರೆ," ಅಂದ. "ಎಡಗೋಲಿಂದು ಬಲಕ್ಕೆ ಕಟ್ಟವ್ಳೆ."

ಹೇಳಿಬಿಟ್ಟ. ಒಂದೇ ಉಸಿರಿನಲ್ಲಿ ಹೇಳಿಬಿಟ್ಟ, ಕೆಮ್ಮಿದ ಹಾಗೆ.

ದೊನ್ ಎದ್ಗಾರ್ ನಿಧಾನವಾಗಿ ಅವಳ ಕಡೆ ಬಂದ. ಅವನು ಸಿಟ್ಟಾಗಿದ್ದಾಗಿನ ಮುಖಕ್ಕಿಂತ ಈ ಮುಖ ಕೆಟ್ಟದ್ದಾಗಿತ್ತು. "ಓಹೋ," ಅಂದ. "ಬುದ್ಧಿವಂತೆ. ಬಿಚ್ಚು. ಸರಿಯಾಗಿ ಕಟ್ಟು."

ನಿಮಿಯಾ ಎದ್ದಳು. ಪಟ್ಟಿ ಬಿಚ್ಚಿದಳು. ಬೆರಳಿಗೆ ಗಂಟು ಸಿಕ್ಕುತ್ತಿರಲಿಲ್ಲ, ಹಲ್ಲಿನಿಂದ ಎಳೆದಳು. ಬಾಯಿಗೆ ಆ ನೊರೆಯ ಕಹಿ ಬಂತು. ನೊಗ ಇಳಿಸಿದಳು. ಲುಸೆರೊ ತಾನಾಗಿಯೇ ಸುತ್ತಿ ಬಂದು ಎಡಕ್ಕೆ ನಿಂತಿತು. ಮೊರೊಚೊ ಬಲಕ್ಕೆ ನಿಂತಿತು. ಎರಡೂ ತಲೆ ತಗ್ಗಿಸಿ ಕೊಟ್ಟವು. ಪಾಪ, ಅವಕ್ಕೇನು ಗೊತ್ತು. ಇನ್ನೊಮ್ಮೆ ಸುತ್ತಿದರೆ ಮುಗಿಯಿತು. ಗಾಡಿ ಮೇಲೆ ಬರುತ್ತದೆ. ಎತ್ತು ಹೊಡೆದುಕೊಂಡು ಮನೆಗೆ ಹೋಗಬಹುದು. ಕಿಟಕಿ ಮುಚ್ಚಿ, ಬಟ್ಟೆ ಒಳಗೆ ತಂದು, ಬಾವಿಗೆ ತಗಡು ಮುಚ್ಚಿ ಕೂರಬಹುದು. ಹೋದ ವರ್ಷವೂ ಹಾಗೆಯೇ ಕೂತಿದ್ದರು.

ಆಚೆ ದಡದಲ್ಲಿ ಬಟ್ಟೆ ಇನ್ನೂ ಊರಿನ ಕಡೆಗೇ ಹಾರುತ್ತಿತ್ತು.

"ಕಟ್ಟಲ್ಲ," ಅಂದಳು.

"ಏನು?"

ತೊಡೆಯ ನಡುವೆ ಬೆಚ್ಚಗೆ ಇಳಿಯಿತು. ಉಚ್ಚೆ. ಸದ್ಯ, ಕೆಸರಲ್ಲಿದ್ದಳು, ಯಾರಿಗೂ ಕಾಣಲಿಲ್ಲ.

"ಕಟ್ಟಲ್ಲ ಸ್ವಾಮಿ. ಮೊದಲು ತಪ್ಪಿ ಕಟ್ಟಿದ್ದೆ. ದೇವರಾಣೆ ತಪ್ಪಿ ಕಟ್ಟಿದ್ದು. ಈಗ ಕಟ್ಟಲ್ಲ. ಇದು ನನ್ನ ಗಂಡನ್ನ ಕೊಂದ ಗಾಡಿ. ಅವನ ಎತ್ತಿನ ಕೈಲಿ ಎಳೆಸಲ್ಲ."

ದೊನ್ ಎದ್ಗಾರ್ ಕೆನ್ನೆಗೆ ಹೊಡೆದ. ಕಿವಿಯಲ್ಲಿ ಗುಂಯ್ ಅಂದಿತು. "ರಿಗೊಬೆರ್ತೊ, ನೀನು ಕಟ್ಟು," ಅಂದ.

ರಿಗೊಬೆರ್ತೊ ಬಂದೂಕನ್ನು ಬೆನ್ನಿಗೆ ಹಾಕಿಕೊಂಡು ಕೆಸರಿಗಿಳಿದ. ಅವಳ ಮುಖ ನೋಡದೆ ಕಟ್ಟಿದ. ಚೆನ್ನಾಗಿ ಕಟ್ಟಿದ. ಬಡವರ ಕೈಗೆ ಎಷ್ಟು ಕೆಲಸ ಗೊತ್ತಿರುತ್ತದೆ, ಅದನ್ನು ಯಾರು ಬೇಕಾದರೂ ಕೊಳ್ಳಬಹುದು. "ಹಯ್ಯಾ!" ಅಂತ ಕೂಗಿದ. ಎತ್ತುಗಳಿಗೆ ಅವನ ದನಿ ಹೊಸದಲ್ಲ. ಮುಂದಕ್ಕೆ ಬಾಗಿದವು. ಸರಪಳಿ ಬಿಗಿಯಿತು.

"ಹೋ..." ಅಂದಳು ನಿಮಿಯಾ.

ಎತ್ತುಗಳು ನಿಂತವು.

ಜೋರಾಗಿ ಅಂದಿರಲಿಲ್ಲ. ದಿನಾ ಸಾಲಿನ ಕೊನೆಯಲ್ಲಿ ಅನ್ನುವ ಹಾಗೆ ಅಂದಿದ್ದಳು. ಡ್ರೈವರು ಹಿಂದೆ ತಿರುಗಿ ನೋಡಿದ.

"ಹಯ್ಯಾ!"

"ಹೋ... ಲುಸೆರೊ. ಹೋ... ಮೊರೊಚೊ."

ನಿಂತವು.

"ಬಾಯಿ ಮುಚ್ಕೊಳ್ಳೆ ಕೊಮಾದ್ರೆ," ರಿಗೊಬೆರ್ತೊ ಅಳುವ ಹಾಗೆ ಅಂದ. "ನಿನ್ನ ಕಾಲಿಗೆ ಬೀಳ್ತೀನಿ, ಮುಚ್ಕೋ."

ದೊನ್ ಎದ್ಗಾರ್ ಪಿಸ್ತೂಲು ತೆಗೆದ. ಅದನ್ನು ಅವಳಿಗೆ ಹಿಡಿಯುತ್ತಾನೆ ಅಂತ ಅವಳು ಕಣ್ಣು ಮುಚ್ಚಿದಳು. ಹಿಡಿಯಲಿಲ್ಲ. ಕಣ್ಣು ಬಿಟ್ಟಾಗ ಪಿಸ್ತೂಲು ಲುಸೆರೊನ ಕಿವಿಯ ಹಿಂದಿತ್ತು. ಎತ್ತು ಕಿವಿ ಒದರಿತು, ನೊಣ ಕೂತಿದೆ ಅಂದುಕೊಂಡು.

"ಇನ್ನೊಂದು ಸಲ ಹೋ ಅನ್ನು," ಅಂದ. "ಅನ್ನು ನೋಡೋಣ. ಆಮೇಲೆ ನಿನ್ನ ಐದು ಹೆಕ್ಟೇರ್ ಉಗುರಲ್ಲಿ ಕೆರ್ಕೊಂಡು ಉಳು."

ಅವಳು ಬಾಯಿ ಮುಚ್ಚಿದಳು. ನಿಜ ಹೇಳಬೇಕಲ್ಲ, ಮುಚ್ಚಿದಳು. ಎರಡು ಕೈಯಲ್ಲೂ ಮುಚ್ಚಿಕೊಂಡಳು. ಲುಸೆರೊ ಇಲ್ಲದಿದ್ದರೆ ಉಳುಮೆ ಇಲ್ಲ. ಒಂಟಿ ಮೊರೊಚೊ ಬೇರೆ ಎತ್ತಿನ ಜೊತೆ ಹೂಡಿಸಿಕೊಳ್ಳುವುದಿಲ್ಲ. ಉಳುಮೆ ಇಲ್ಲದಿದ್ದರೆ ಜೋಳವಿಲ್ಲ, ಗೆಣಸಿಲ್ಲ. ಪಾಳು ಬಿದ್ದ ನೆಲ ಯಾರದೂ ಅಲ್ಲ ಅಂತ ಮರುವರ್ಷವೇ ಬೇಲಿ ಕೀಳುತ್ತಾರೆ. ಅತ್ತೆಯನ್ನು ಎಲ್ಲಿಗೆ ಹೊತ್ತುಕೊಂಡು ಹೋಗುವುದು?

"ಹಯ್ಯಾ!" ರಿಗೊಬೆರ್ತೊ ಕೂಗಿದ. ಟ್ರ್ಯಾಕ್ಟರು ಗರ್ಜಿಸಿತು. ಎತ್ತುಗಳು ಮಂಡಿ ನೆಲಕ್ಕೆ ತಾಗುವಷ್ಟು ಬಾಗಿ ಎಳೆದವು. ಎಂಥ ಎಳೆತ ಅದು! ತೆಯೊಫಿಲೊ ನೋಡಿದ್ದರೆ ಸಿಳ್ಳೆ ಹಾಕುತ್ತಿದ್ದ. ಕೆಸರು ಚಪ್ ಅಂದಿತು. ಗಾಲಿಯ ಮೇಲಂಚು ಕಂಡಿತು. ಒಂದು ಗೇಣು. ಎರಡು ಗೇಣು. ಟ್ಯಾಂಕು ನೆಟ್ಟಗಾಗುತ್ತ ಬಂತು, ರೆಕ್ಕೆ ಹಳ್ಳದ ಮೇಲೆ ಎದ್ದಿತು. ರೆಕ್ಕೆಯ ತುದಿಯಿಂದ ಬಿಳಿ ಹನಿ ನೀರಿಗೆ ಬಿತ್ತು. ಇಡೀ ಊರು ಕುಡಿಯುವ ನೀರು.

ಅವಳು ಕೈ ತೆಗೆದಳು.

"ಹೋ!"

ಈ ಸಲ ಕಿರುಚಿದ್ದಳು. ಎತ್ತುಗಳು ಇದ್ದಲ್ಲೇ ನಿಂತವು. ಗುಂಡು ಹಾರಿತು.

ಮೊದಲು ಶಬ್ದ ಕೇಳಿಸಿತು. ಲುಸೆರೊ ಮುಂಗಾಲು ಮಡಚಿ ಕುಸಿಯಿತು. ನೊಗ ಕೊಂಬಿಗೆ ಬಿಗಿದದ್ದು. ಲುಸೆರೊ ಕುಸಿದಾಗ ಮೊರೊಚೊನ ತಲೆಯನ್ನೂ ಎಳೆದುಕೊಂಡೇ ಹೋಯಿತು. ಕಪ್ಪು ಎತ್ತಿನ ಕುತ್ತಿಗೆ ತಿರುಚಿತು, ಕಣ್ಣುಗುಡ್ಡೆ ಬೆಳ್ಳಗಾಯಿತು. ಸರಪಳಿ ಸಡಿಲವಾಗಿ ಗಾಡಿ ಹಿಂದಕ್ಕೆ ಬಿತ್ತು, ಮೊದಲಿಗಿಂತ ಆಳಕ್ಕೆ. ನಿಮಿಯಾ ಓಡಿದಳು. ಸತ್ತದ್ದರ ಕಡೆ ನೋಡಲಿಲ್ಲ. ಬದುಕಿದ್ದರ ಕೊಂಬಿಗೆ ಬೆರಳು ಹಾಕಿದಳು. ಪಟ್ಟಿ ರಕ್ತದಲ್ಲಿ ಜಾರುತ್ತಿತ್ತು. ಪಕ್ಕದಲ್ಲಿ ಇನ್ನೆರಡು ಕೈ ಬಂದವು. ರಿಗೊಬೆರ್ತೊನವು.

"ಮುಟ್ಬೇಡ!"

"ಕುತ್ತಿಗೆ ಮುರೀತದೆ ಕಣೆ, ಬಿಡು—"

"ಮುಟ್ಬೇಡ ಅಂದೆ!"

ಅವನು ಕೈ ಹಿಂದೆ ತೆಗೆದ. ಅವಳೊಬ್ಬಳೇ ಬಿಚ್ಚಿದಳು. ಒಂದು ಉಗುರು ಕಿತ್ತು ಬಂತು. ಮೊರೊಚೊ ಎದ್ದಿತು, ನಾಲ್ಕು ಹೆಜ್ಜೆ ಹೋಗಿ ನಿಂತಿತು. ಅವಳು ಅಲ್ಲೇ ಲುಸೆರೊನ ಹೊಟ್ಟೆಗೆ ಒರಗಿ ಕೂತುಬಿಟ್ಟಳು. ಹೊಟ್ಟೆ ಬೆಚ್ಚಗಿತ್ತು. ಒಳಗೆ ಮೇಯ್ದ ಹುಲ್ಲು ಇನ್ನೂ ಗುಡುಗುಡು ಅನ್ನುತ್ತಿತ್ತು. 

ದೊನ್ ಎದ್ಗಾರ್ ಗಾಡಿಯ ಸುತ್ತ ಒಂದು ಸುತ್ತು ಬಂದ. ಅವನ ಮುಖ ಬಿಳಿಚಿತ್ತು. "ನಾನೇನು ಸುಮ್ನೆ ಹೊಡೆದ್ನಾ?" ಅಂತ ಡ್ರೈವರನ್ನು ಕೇಳಿದ. ಡ್ರೈವರು ಬೀಡಿ ಹುಡುಕುತ್ತಿದ್ದ. "ಮಾಂಸ ನಿಮಗೇ ಇರ್ಲಿ," ಅಂತ ನಿಮಿಯಾಳಿಗೆ ಹೇಳಿದ. "ಊರಿಗೆಲ್ಲ ಊಟ ಹಾಕು." ಆಮೇಲೆ ರಿಗೊಬೆರ್ತೊನ ಕಡೆ ತಿರುಗಿದ. "ಊರಲ್ಲಿ ಇನ್ನೆಷ್ಟು ಜೋಡಿ ಇದೆ?"

"ಏಳು ಸಾಹೇಬ್ರೆ. ನಮ್ದೂ ಸೇರಿ."

"ಎಲ್ಲಾ ಹಿಡ್ಕೊಂಡು ಬಾ. ಇಲ್ಲ ಅಂದವರಿಗೆ ಈ ಎತ್ತು ತೋರ್ಸು."

ರಿಗೊಬೆರ್ತೊ ನೀರಿಗಿಳಿದು ಹಳ್ಳ ದಾಟಿದ. ನಿಮಿಯಾ ಮನಸ್ಸಿನಲ್ಲೇ ಮನೆ ಎಣಿಸಿದಳು. ಬರುತ್ತಾರೆ. ಬಾರದೆ ಏನು ಮಾಡುತ್ತಾರೆ? ಅವರಿಗೂ ಕಾಗದವಿಲ್ಲ, ಅವರ ಮನೆಯಲ್ಲೂ ಮುದುಕಿಯರಿದ್ದಾರೆ, ಗುಂಡಿನ ಶಬ್ದ ಅವರಿಗೂ ಕೇಳಿಸಿದೆ. ಅವರ ಜಾಗದಲ್ಲಿ ತಾನಿದ್ದರೆ ಹೊಡೆದುಕೊಂಡು ಬರುತ್ತಿದ್ದಳು. ಮೊದಲು ತಾನೂ ಬಂದಳಲ್ಲ. ಬಡವನ ಕೋಪ ದವಡೆಗೆ ಮೂಲ ಅಂತ ಸುಮ್ಮನೆ ಹೇಳಿದ್ದಾರಾ? ಒಂದು ಎತ್ತು ಹೋಯಿತು, ಗಾಡಿಯೂ ಮೇಲೆ ಬರುತ್ತದೆ. ದಂಡವಾಯಿತು ಲುಸೆರೊ ಅಂತ ಅವಳಿಗೆ ಆಗ ಅಳು ಬಂತು.

ಮೊರೊಚೊ ತಲೆ ತಗ್ಗಿಸಿ ನೆಲ ಮೂಸಿತು. ರಕ್ತ ಕೆಸರಿನೊಳಗೆ ಇಳಿದಿತ್ತು. ಮುಂಗಾಲಿನಿಂದ ಕೆಸರು ಕೆರೆದು ಹಿಂದಕ್ಕೆ ಎರಚಿತು. ಆಮೇಲೆ ಕುತ್ತಿಗೆ ಚಾಚಿ ಕೂಗಿತು. ಹಸಿವಿನ ಕೂಗಲ್ಲ, ದಿನದ ಕೂಗಲ್ಲ. ದನಗಳು ತಮ್ಮವರ ರಕ್ತ ಮೂಸಿದಾಗ ಮಾತ್ರ ಕೂಗುವ ಕೂಗು. ಹೊಟ್ಟೆಯ ತಳದಿಂದ ಎದ್ದು, ಒಡೆದು, ಮತ್ತೆ ಎದ್ದಿತು. ದೊನ್ ಎದ್ಗಾರ್ ಬೆಚ್ಚಿಬಿದ್ದ. "ಏನಾಯ್ತು ಅದಕ್ಕೆ?" ಅಂದ.

ಗಾಳಿ ಊರಿನ ಕಡೆಗೇ ಬೀಸುತ್ತಿತ್ತು. ರಕ್ತದ ವಾಸನೆ ಅಲ್ಲಿಗೂ ಹೋಗಿರಬೇಕು. ಕ್ರಿಸ್ಪುಲೊನ ಕೊಟ್ಟಿಗೆಯಿಂದ ಒಂದು ಎತ್ತು ಕೂಗಿತು. ಅದರ ಜೋಡಿಯೂ ಕೂಗಿತು. ಆಮೇಲೆ ಆಚೆ ಮನೆಯಿಂದ, ಅದರ ಆಚೆಯಿಂದ.

ಕ್ರಿಸ್ಪುಲೊನ ಮನೆ ಹಳ್ಳಕ್ಕೆ ಹತ್ತಿರ. ಊರಿಗೆಲ್ಲ ಪುಕ್ಕಲ. ನೆರಳು ಅಡ್ಡ ಬಂದರೂ ಟೋಪಿ ತೆಗೆಯುವ ಮನುಷ್ಯ. ಅವನ ಮಾತು ನಿಮಿಯಾಳಿಗೆ ಇಲ್ಲಿಗೇ ಕೇಳಿಸಿತು.

"ಎತ್ತಾ? ನನ್ಹತ್ರ ಎಲ್ಲಿದೆ ಎತ್ತು ಮಾರಾಯ? ಮಾರ್ಬಿಟ್ಟೆ."

ಅವನ ಬೆನ್ನ ಹಿಂದೆಯೇ ಎತ್ತು ಕೂಗುತ್ತಿತ್ತು. ಕೊಟ್ಟಿಗೆಯ ತಡಿಕೆ ಅಲುಗುತ್ತಿತ್ತು. ಅವನು ಟೋಪಿಯನ್ನು ಎದೆಗೆ ಹಿಡಿದುಕೊಂಡು, ನಡುಗುತ್ತ, "ಮಾರ್ಬಿಟ್ಟೆ ಕಣೋ, ಹೋದ ವಾರವೇ ಮಾರ್ಬಿಟ್ಟೆ," ಅನ್ನುತ್ತಲೇ ಇದ್ದ.

ಮುಂದಿನ ಮನೆಯ ಇಗ್ನಾಸಿಯಾ ಗೇಟಿಗೆ ಅಡ್ಡ ನಿಂತು ಏನೋ ಅಂದಳು, ಕೈ ಆಡಿಸಿದಳು. ಅದರ ಮುಂದಿನವನು ಬಾಗಿಲು ತೆರೆಯಲೇ ಇಲ್ಲ. ಇನ್ನೊಬ್ಬ ಹೊರಗೆ ಬಂದು ತಲೆ ಅಲ್ಲಾಡಿಸಿ ಒಳಗೆ ಓಡಿದ. ಯಾರೂ ಎದೆ ಸೆಟೆಸಿ ನಿಲ್ಲಲಿಲ್ಲ. ಎಲ್ಲರೂ ಹೆದರಿದ್ದರು. ಎಲ್ಲರೂ ಸುಳ್ಳು ಹೇಳುತ್ತಿದ್ದರು. ಕಡೆಯ ಮನೆ ರಿಗೊಬೆರ್ತೊನದೇ. ಅವನ ಹೆಂಡತಿ ಅಂಗಳದಲ್ಲಿ ನಿಂತಿದ್ದಳು. ಅವರಿಬ್ಬರೂ ಬಹಳ ಹೊತ್ತು ಮಾತಾಡಿದರು. ಅವಳು ಕೊಟ್ಟಿಗೆಯ ಬಾಗಿಲಿಗೆ ಹೋಗಿ ಬೆನ್ನು ಕೊಟ್ಟು ಕೂತಳು.

ಅವನು ಹಳ್ಳ ದಾಟಿ ವಾಪಸು ಬಂದ. ಬರಿಗೈಯಲ್ಲಿ. ಅಷ್ಟರಲ್ಲಿ ಏಳು ಜೋಡಿಯೂ ಕೂಗುತ್ತಿದ್ದವು. ಕೂಗು ಹಳ್ಳದ ನೀರಿನ ಮೇಲೆ ಉರುಳಿ ಬರುತ್ತಿತ್ತು. ಟ್ರ್ಯಾಕ್ಟರಿನ ಡ್ರೈವರು ಕೆಳಗಿಳಿದು ರಸ್ತೆಯ ಕಡೆ ನೋಡುತ್ತಿದ್ದ.

"ಎತ್ತೆಲ್ಲಿ?" ದೊನ್ ಎದ್ಗಾರ್ ಕೇಳಿದ.

ರಿಗೊಬೆರ್ತೊ ಲುಸೆರೊನನ್ನು ನೋಡಿದ. ನಿಮಿಯಾಳನ್ನು ನೋಡಲಾಗಲಿಲ್ಲ. "ಇಲ್ಲ ಸಾಹೇಬ್ರೆ," ಅಂದ. "ಈ ಊರಲ್ಲಿ ಎತ್ತಿಲ್ಲ."

"ಯಾರ ಹತ್ರ ಆಡ್ತಿದೀಯಾ? ನಾನು ಕಿವುಡನಾ?" ಅವನ ದನಿ ಒಡೆಯಿತು. ಪಿಸ್ತೂಲನ್ನು ಊರಿನ ಕಡೆ ತೋರಿಸಿದ, ಆಮೇಲೆ ಮೊರೊಚೊನ ಕಡೆ, ಆಮೇಲೆ ಎಲ್ಲಿಗೆ ತೋರಿಸಬೇಕೋ ತಿಳಿಯದೆ ಸುಮ್ಮನೆ ಹಿಡಿದುಕೊಂಡ. "ಹಾಗಾದ್ರೆ ಅಲ್ಲಿ ಕೂಗ್ತಿರೋದು ಯಾರು?"



ನಿಮಿಯಾ ಸತ್ತ ಎತ್ತಿನ ಕೊಂಬು ಹಿಡಿದುಕೊಂಡು ಎದ್ದಳು.  ಪಿಸ್ತೂಲಿನ ತೂತು ಈಗ ನೇರ ಅವಳ ಕಡೆಗಿತ್ತು, ಅವಳು ಅದನ್ನೇ ನೋಡುತ್ತಿದ್ದಳು.

"ನಾವು," ಅಂದಳು.